ಮೂರು ಎಕರೆ ಎಳೆ ಕಾಡು ಮಾರಾಟಕ್ಕಿದೆ, ತಾನಾಗೇ ಬೆಳೆದದ್ದು. ತಗೊಳ್ಳಬಹುದಾ?

ನಡುಹಗಲು
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದವಿದೆ, ಬೈಕೋಬೇಡಿ.

ಹಳ್ಳಿ ಕಡೆ ಮೂರು ಎಕರೆ ಜಾಗ ಮಾರಾಟಕ್ಕೆ ಬಂದಿದೆ. ಹಿಂದೆ ಹೊಲವಾಗಿತ್ತಂತೆ. ಹದಿನಾಲ್ಕು ವರ್ಷದಿಂದ ಯಾರೂ ಉತ್ತಿಲ್ಲ, ಬಿತ್ತಿಲ್ಲ ಎಂದು ಮಧ್ಯವರ್ತಿ ಹೇಳುತ್ತಾರೆ. ಈಗ ಅಲ್ಲಿ ಗಿಡಗಳು ತಾವಾಗೇ ಎದ್ದಿವೆ. ಕೆಲವು ನನ್ನ ಎರಡರಷ್ಟು ಎತ್ತರ, ಕೆಲವು ಮೊಣಕಾಲುದ್ದ. ನಡುನಡುವೆ ಮುಳ್ಳುಪೊದೆ, ಬಳ್ಳಿ. ಒಂದು ಮೂಲೆಯಲ್ಲಿ ಮಾತ್ರ ಬರೀ ಹುಲ್ಲು. ಒಳಗೆ ಹತ್ತು ಹೆಜ್ಜೆ ಇಟ್ಟರೆ ಹೊರಗೆ ನಿಂತವರು ಕಾಣುವುದಿಲ್ಲ. ನನಗೆ ಅಲ್ಲೇ ಮನಸ್ಸು ಬಿತ್ತು.

ನಮ್ಮ ಮನೆಯವರು ಮಾತ್ರ ಬೇಲಿ ದಾಟಿ ಒಳಗೆ ಬರಲೇ ಇಲ್ಲ. "ದುಡ್ಡು ಕೊಟ್ಟು ಕಳೆ ತಗೊಳ್ಳೋರನ್ನ ಇವತ್ತೇ ನೋಡಿದ್ದು" ಅಂದರು.

ನನ್ನ ಪ್ರಶ್ನೆ ಇಷ್ಟೇ. ಇದನ್ನು ಕಾಡು ಅನ್ನಬಹುದಾ? ತಗೊಂಡ ಮೇಲೆ ಏನಾದರೂ ಮಾಡಬೇಕಾ, ಬಿಟ್ಟುಬಿಟ್ಟರೆ ಸಾಕಾ? ಪಕ್ಕದ ಖಾಲಿ ಹೊಲಕ್ಕಿಂತ ಇದಕ್ಕೆ ಜಾಸ್ತಿ ದರ ಕೇಳುತ್ತಿದ್ದಾರೆ. "ಮರ ಇದೆಯಲ್ಲಮ್ಮ" ಅನ್ನುತ್ತಾರೆ. ಇದು ನ್ಯಾಯಾನಾ?

ಒಂಟಿಸಲಗ
ಮನೆಯವರು ಹೇಳಿದ್ದೇ ಸರಿ.

ಕೊಡಲಿಕಾವು
ಮೇಡಂ, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇದು ಕಾಡಲ್ಲ, ಹಾಳುಬಿದ್ದ ಹೊಲ. ಹದಿನಾಲ್ಕು ವರ್ಷದಲ್ಲಿ ಬರುವುದು ಬೆಳಕು ಕಂಡಲ್ಲಿ ನುಗ್ಗುವ ಪುಂಡ ಗಿಡಗಳು ಮಾತ್ರ. ಕಾಂಡ ಸೊಟ್ಟ, ಮರ ಮೆತ್ತಗೆ. ತಗೊಳ್ಳುವುದಾದರೆ ಎಲ್ಲ ಸವರಿ, ಒಳ್ಳೆ ಜಾತಿ ಆರಿಸಿ, ಸಾಲು ಹಿಡಿದು ನೆಡಿ. ಇಪ್ಪತ್ತು ವರ್ಷಕ್ಕೆ ನಾಲ್ಕು ಕಾಸಾದರೂ ಕೈಗೆ ಬರುತ್ತದೆ. ದರ ಜಾಸ್ತಿ ಕೊಡುವ ಮಾತೇ ಇಲ್ಲ. ಸವರುವ ಕೂಲಿಯನ್ನು ಅವರೇ ನಿಮಗೆ ಕೊಡಬೇಕು.

ತರಗೆಲೆ
ಕೊಡಲಿಕಾವು ಅವರೇ, ಹೆಸರಿಗೆ ತಕ್ಕ ಉತ್ತರ ಕೊಟ್ಟಿದ್ದೀರಿ :)

ಪುಂಡ ಗಿಡಗಳು ಬಂದಿರಬಹುದು, ಒಪ್ಪುತ್ತೇನೆ. ಆದರೆ ಮೊದಲು ಅವೇ ಬರಬೇಕು. ಹುಲ್ಲಿಗೆ ನೆರಳು ಬಿದ್ದು ಅದು ಸೋತ ಮೇಲೆ ತಾನೇ ನಿಧಾನದ ಜಾತಿಗಳಿಗೆ ಜಾಗ ಸಿಗುವುದು? ಆ ಮುಳ್ಳುಪೊದೆಯನ್ನು ಕಳೆ ಅಂತ ನೋಡಬೇಡಿ. ದನ, ಜಿಂಕೆ, ಮೊಲ ಮುಳ್ಳೊಳಗೆ ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಅದರ ನಡುವೆ ಮೊಳೆತ ಸಸಿಗೆ ಪುಕ್ಕಟೆ ಬೇಲಿ ಸಿಕ್ಕಿದ ಹಾಗೆ.

ಇಂಗ್ಲೆಂಡಿನಲ್ಲಿ ಮಾಂಕ್ಸ್ ವುಡ್ ಅಂತ ಒಂದು ಹಳೇ ಕಾಡಿದೆ. ಅದರ ಪಕ್ಕದ ಬಾರ್ಲಿ ಹೊಲವನ್ನು 1961ರಲ್ಲಿ ಹಾಗೇ ಬಿಟ್ಟರು. ಅದರ ಹತ್ತಿರದ ಇನ್ನೊಂದು ಹುಲ್ಲುಗಾವಲನ್ನು 1996ರಲ್ಲಿ ಬಿಟ್ಟರು. ಯಾರೂ ಒಂದು ಸಸಿ ನೆಟ್ಟಿಲ್ಲ, ಬೇಲಿ ಹಾಕಿಲ್ಲ. ಮುಳ್ಳುಪೊದೆ ಬಂತು, ಅದರೊಳಗಿನಿಂದ ಓಕ್ ಮರಗಳು ಎದ್ದವು. ಓಕ್ ಬೀಜವನ್ನು ತಂದು ಹೂತದ್ದು ಜೇ ಅನ್ನುವ ಹಕ್ಕಿ, ಮುಂದೆ ತಿನ್ನೋಣ ಅಂತ. ಅಷ್ಟನ್ನೂ ನೆನಪಿಟ್ಟು ಹುಡುಕಿ ತಿನ್ನಲು ಅದಕ್ಕೂ ಆಗುವುದಿಲ್ಲ. ಈಗ 1961ರ ಹೊಲ ಒಳ್ಳೆ ಕಾಡು.

ಹಾಗಾಗಿ ನಡುಹಗಲು ಅವರೇ, ನನ್ನ ಮೊದಲ ಪ್ರಶ್ನೆ: ಹತ್ತಿರದಲ್ಲಿ ಹಳೇ ಕಾಡು ಅಥವಾ ದೊಡ್ಡ ಮರಗಳು ಇವೆಯಾ? ಎಷ್ಟು ದೂರ? ತಾಯಿಮರ ಇಲ್ಲದಿದ್ದರೆ ಬೀಜ ಎಲ್ಲಿಂದ ಬರಬೇಕು?

ಗುಬ್ಬಿಗೂಡು
ಜೇ ಹಕ್ಕಿಯದ್ದು ಓದಿ ಖುಷಿಯಾಯ್ತು. ಮರೆವಿನಿಂದ ಕಾಡು ಬೆಳೆಸಿದ ಏಕೈಕ ಜೀವಿ.

ಒಂಟಿಸಲಗ
ಅಳಿಲು?

ಗುಬ್ಬಿಗೂಡು
ಸರಿ ಮಾರಾಯ, ಅಳಿಲೂ ಸೇರಿಸಿಕೋ. ಇಲಿನೂ ಸೇರಿಸಿಕೋ.

ಸರ್ವೆಕಲ್ಲು
ಹಕ್ಕಿ, ಅಳಿಲು ಎಲ್ಲ ಆಮೇಲೆ ನೋಡೋಣ. ಜಾಗಕ್ಕೆ ದಾರಿ ಇದೆಯಾ?

ಯಾರೂ ಕೇಳಲಿಲ್ಲ ನೋಡಿ. ನಾನು ಇದರಲ್ಲಿ ಕೈ ಸುಟ್ಟುಕೊಂಡವನು. ನಾನು ತಗೊಂಡ ಜಾಗಕ್ಕೆ ಪಕ್ಕದವರ ಹೊಲದ ಬದುವಿನ ಮೇಲೆ ನಡೆದು ಹೋಗಬೇಕಿತ್ತು. ಮಾರಿದವರು ನಲವತ್ತು ವರ್ಷ ಅಲ್ಲೇ ಓಡಾಡಿದ್ದರು, ಯಾರೂ ಕೇಳಿರಲಿಲ್ಲ. ನಾನು ಬಂದ ಆರನೇ ತಿಂಗಳಿಗೆ ಬದುವಿಗೆ ಅಡ್ಡ ತಂತಿ ಬಿತ್ತು. ಕೇಳಿದರೆ "ಅವರಿಗೆ ಬಿಟ್ಟಿದ್ವಿ, ನಿಮಗಲ್ಲ" ಅಂದರು. ಎರಡು ವರ್ಷ ಹಿಡಿಯಿತು ಬಿಡಿಸಿಕೊಳ್ಳಲು. ಅಷ್ಟರಲ್ಲಿ ನನ್ನ ಉತ್ಸಾಹವೇ ಬತ್ತಿಹೋಗಿತ್ತು.

ದಾರಿ ಎಲ್ಲಿದೆ, ಎಷ್ಟು ಅಗಲ, ಗಾಡಿ ಹೋಗಬಹುದಾ, ಕಾಲುದಾರಿ ಮಾತ್ರವಾ, ಇದು ಕ್ರಯಪತ್ರದಲ್ಲಿ ಬರೆದಿರಬೇಕು. ಬಾಯಿಮಾತು ಬೇಡ.

ಎರಡನೆಯದು: ದಾಖಲೆಯಲ್ಲಿ ಆ ಜಾಗ ಏನೆಂದಿದೆ? ಕೃಷಿ ಜಮೀನು ಅಂತಲೋ, ಕಾಡು ಅಂತಲೋ? ಯಾರು ಕೊಳ್ಳಬಹುದು, ಏನು ಕಟ್ಟಬಹುದು, ನಿಮ್ಮದೇ ಮರ ಕಡಿಯಲು ಯಾರ ಅಪ್ಪಣೆ ಬೇಕು, ಎಲ್ಲ ಅದರ ಮೇಲೆ ನಿಂತಿದೆ. ಒಂದೊಂದು ಕಡೆ ಒಂದೊಂದು ಕಾನೂನು, ಆ ಜಾಗದ ಕಾನೂನು ಗೊತ್ತಿರುವ ವಕೀಲರನ್ನೇ ಕೇಳಿ. ಇಲ್ಲಿ ಯಾರು ಏನೇ ಹೇಳಿದರೂ (ನಾನೂ ಸೇರಿ) ಅದನ್ನು ನಂಬಿ ದುಡ್ಡು ಕೊಡಬೇಡಿ.

ಕೊಡಲಿಕಾವು
ಸರ್ವೆಕಲ್ಲು ಹೇಳಿದ ಮಾತಿಗೆ ನನ್ನದೂ ಸಹಿ. ಗಿಡ ಎದ್ದ ಮೇಲೆ "ಇದು ಕಾಡು, ಇನ್ನು ಉಳುವ ಹಾಗಿಲ್ಲ" ಅನ್ನುವ ಕಡೆಗಳೂ ಇವೆ. ಹಾಗಿದ್ದರೆ ನಾನು ಹೇಳಿದ ಹಾಗೆ ಸವರಿ ನೆಡಲೂ ಆಗಲ್ಲ, ಹೊಲ ಮಾಡಲೂ ಆಗಲ್ಲ. ಅದನ್ನು ಮೊದಲು ತಿಳಿದುಕೊಳ್ಳಿ.

ಲೆಕ್ಕಾಚಾರ
ಇಂಗಾಲದ ಕ್ರೆಡಿಟ್ (ಮರ ಹೀರಿಕೊಂಡ ಇಂಗಾಲದ ಲೆಕ್ಕಕ್ಕೆ ಕಂಪನಿಗಳು ದುಡ್ಡು ಕೊಡುತ್ತವಲ್ಲ, ಅದು) ಮಾರಬಹುದಲ್ವಾ? ಈಗ ಅದಕ್ಕೇ ಡಿಮ್ಯಾಂಡು.

ತರಗೆಲೆ
ಮೂರು ಎಕರೆಗೆ ಅಳತೆ, ತಪಾಸಣೆ, ನೋಂದಣಿ ಖರ್ಚೇ ಗಿಟ್ಟುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. "ನಿಮ್ಮ ದುಡ್ಡು ಬರದಿದ್ದರೆ ಈ ಕಾಡು ಬೆಳೆಯುತ್ತಿರಲಿಲ್ಲ" ಎಂದು ತೋರಿಸಬೇಕು. ಇದು ಯಾರ ದುಡ್ಡೂ ಇಲ್ಲದೆ ಹದಿನಾಲ್ಕು ವರ್ಷ ಬೆಳೆದಿದೆ. ಏನಂತ ತೋರಿಸುತ್ತೀರಿ?

ಲೆಕ್ಕಾಚಾರ
ಓ. ಹಾಗಾದರೆ ಕಡಿದು, ಮತ್ತೆ ಬೆಳೆಸಿದರೆ?

ತರಗೆಲೆ
ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ನಡುಹಗಲು
ಒಂದೇ ಸಂಜೆಗೆ ಇಷ್ಟು ಉತ್ತರ! ಎಲ್ಲರಿಗೂ ಥ್ಯಾಂಕ್ಸ್.

ತರಗೆಲೆ ಅವರೇ, ಪಡುವಣ ದಿಕ್ಕಿಗೆ ಒಂದು ಹಳ್ಳವಿದೆ, ಅದರ ಆಚೆ ದಡದಲ್ಲಿ ದೊಡ್ಡ ದೊಡ್ಡ ಮರಗಳಿವೆ. ಜಾಗದಿಂದ ನೂರು ಹೆಜ್ಜೆ ಇರಬಹುದು. ಎತ್ತರದ ಗಿಡಗಳು ಇರುವುದೂ ಆ ಕಡೆಯೇ. ಈಗ ಯೋಚಿಸಿದರೆ, ಹುಲ್ಲಿನ ಮೂಲೆ ಹಳ್ಳದಿಂದ ಎಲ್ಲಕ್ಕಿಂತ ದೂರದಲ್ಲಿದೆ. ಬೀಜ ಅಲ್ಲಿಯವರೆಗೆ ತಲುಪಿಲ್ಲ ಅಂತಲಾ?

ಸರ್ವೆಕಲ್ಲು ಸರ್, ದಾರಿಯ ಬಗ್ಗೆ ಕೇಳಿದೆ. "ಎಲ್ಲರೂ ಓಡಾಡ್ತಾರೆ ಮೇಡಂ, ಏನೂ ತೊಂದರೆ ಇಲ್ಲ" ಅಂದರು ಮಧ್ಯವರ್ತಿ.

ಸರ್ವೆಕಲ್ಲು
"ಏನೂ ತೊಂದರೆ ಇಲ್ಲ" ಅಂದರೆ ತೊಂದರೆ ಇದೆ ಅಂತಲೇ ಲೆಕ್ಕ.

ಮಳೆಹುಳು
ಹುಲ್ಲಿನ ಮೂಲೆಗೆ ಬೇರೆ ಕಾರಣವೂ ಇರಬಹುದು. ಟ್ರ್ಯಾಕ್ಟರ್ ತಿರುಗಿಸುತ್ತಿದ್ದ ಜಾಗವಾಗಿದ್ದರೆ ಮಣ್ಣು ಗಟ್ಟಿಯಾಗಿರುತ್ತದೆ. ಮಳೆ ಬಿದ್ದ ಮಾರನೇ ದಿನ ಒಂದು ಕಬ್ಬಿಣದ ಸರಳು ತಗೊಂಡು ಹೋಗಿ ಚುಚ್ಚಿ ನೋಡಿ. ಗಿಡ ಇರುವಲ್ಲಿ ಎಷ್ಟು ಆಳ ಇಳಿಯುತ್ತದೆ, ಅಲ್ಲಿ ಎಷ್ಟು? ಒಂದು ಗೇಣಿಗೆ ಟಕ್ ಅಂತ ನಿಂತರೆ ಕೆಳಗೆ ನೇಗಿಲು ಒತ್ತಿ ಒತ್ತಿ ಆದ ಗಟ್ಟಿ ಪದರ ಇದೆ ಅಂತ.

ದಟ್ಟ ಹುಲ್ಲೇ ಸಸಿಗೆ ಶತ್ರು ಅನ್ನುವುದೂ ಉಂಟು. ಬೀಜ ಬಿದ್ದರೂ ಮಣ್ಣು ಮುಟ್ಟುವುದಿಲ್ಲ, ಹುಲ್ಲಿನ ಮೇಲೇ ಒಣಗುತ್ತದೆ. ಅಲ್ಲಿ ನಾಲ್ಕು ಎತ್ತರದ ಕಂಬ ನೆಟ್ಟು ಅಡ್ಡಕಡ್ಡಿ ಕಟ್ಟಿ. ಹಕ್ಕಿ ಬಂದು ಕೂರುತ್ತದೆ, ಹಿಕ್ಕೆ ಹಾಕುತ್ತದೆ. ಹಿಕ್ಕೆಯಲ್ಲಿ ಬೀಜ. ಕಂಬದ ಬುಡದಲ್ಲಿ ಮಾತ್ರ ಹುಲ್ಲು ಕೆರೆದು ಮಣ್ಣು ಕಾಣುವ ಹಾಗೆ ಮಾಡಿ.

ಗುಬ್ಬಿಗೂಡು
ನಮ್ಮ ಬಟ್ಟೆ ಒಣಹಾಕುವ ತಂತಿಯ ಕೆಳಗೆ ಒಂದು ಅತ್ತಿ ಗಿಡ ಬಂದಿದೆ ಇದೇ ರೀತಿ. ನಾಲ್ಕು ವರ್ಷದಿಂದ ಕೀಳಬೇಕು ಕೀಳಬೇಕು ಅಂದುಕೊಳ್ಳುತ್ತಿದ್ದೇನೆ. ಈಗ ತಂತಿಯನ್ನು ಅದಕ್ಕೇ ಕಟ್ಟಿದ್ದೇನೆ.

ಬೂದಿಗುಡ್ಡೆ
ವಯಸ್ಸು ಹದಿನಾಲ್ಕು ಅನ್ನುವುದನ್ನು ಯಾರಾದರೂ ಪರೀಕ್ಷೆ ಮಾಡಿದರಾ? ಉಪಗ್ರಹ ಚಿತ್ರ ನೋಡಿ. ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳಿಗೆ ಹಿಂದೆ ಹೋಗುವ ಸೌಲಭ್ಯವಿದೆ. ಅದರಲ್ಲಿ ಸಾಲದಿದ್ದರೆ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳು 1972ರಿಂದ ಇವೆ, 2008ರಿಂದ ಎಲ್ಲರಿಗೂ ಪುಕ್ಕಟೆ. ಒಂದು ಚುಕ್ಕಿ ಅಂದರೆ 30 ಮೀಟರ್ (ಮೊದಲ ವರ್ಷಗಳದ್ದು ಇನ್ನೂ ಒರಟು), ಮೂರು ಎಕರೆ ಅದರಲ್ಲಿ ಹತ್ತು ಹದಿನೈದು ಚುಕ್ಕಿ ಅಷ್ಟೇ. ಆದರೂ ಹಸಿರು ಯಾವಾಗ ಬಂತು, ಯಾವಾಗ ಹೋಯ್ತು ತಿಳಿಯುತ್ತದೆ.

ಒಂದು ಗಿಡ ಕಡಿದು ಉಂಗುರ ಎಣಿಸೋಣ ಅನ್ನಬೇಡಿ. ಬಿಸಿ ಸೀಮೆಯ ಎಷ್ಟೋ ಮರಗಳಲ್ಲಿ ವರ್ಷಕ್ಕೊಂದು ಉಂಗುರ ಅನ್ನುವ ಲೆಕ್ಕವೇ ನಡೆಯುವುದಿಲ್ಲ.

ತರಗೆಲೆ
ಒಳ್ಳೆ ಸಲಹೆ. ಜೊತೆಗೆ ಎಣಿಕೆಯನ್ನೂ ಮಾಡಿ ಬನ್ನಿ ನಡುಹಗಲು. ಕಷ್ಟವಿಲ್ಲ.

5 ಮೀಟರ್ 64 ಸೆಂಟಿಮೀಟರ್ ಉದ್ದದ ಹಗ್ಗ ತಗೊಳ್ಳಿ. ಒಂದು ತುದಿಯನ್ನು ಗೂಟಕ್ಕೆ ಕಟ್ಟಿ, ಇನ್ನೊಂದು ತುದಿ ಹಿಡಿದು ಸುತ್ತು ಹೊಡೆಯಿರಿ. ಆ ವೃತ್ತದೊಳಗೆ ಸರಿಯಾಗಿ 100 ಚದರ ಮೀಟರ್ ಬರುತ್ತದೆ. ಒಳಗಿರುವ ಗಿಡಗಳನ್ನು ಎಣಿಸಿ. ಎದೆಯೆತ್ತರಕ್ಕಿಂತ ಮೇಲಿನವು ಎಷ್ಟು, ಕೆಳಗಿನವು ಎಷ್ಟು, ಎಷ್ಟು ಬಗೆ, ಬೇರೆ ಬೇರೆ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಎಲೆಯ ಫೋಟೋ ತೆಗೆದು ಒಂದು, ಎರಡು ಎಂದು ಸಂಖ್ಯೆ ಕೊಡಿ. ಹೀಗೆ ಐದಾರು ಕಡೆ ಮಾಡಿ. ಚೆನ್ನಾಗಿ ಕಂಡ ಜಾಗವನ್ನೇ ಆರಿಸಬೇಡಿ, ಎಲ್ಲರೂ ಮಾಡುವ ತಪ್ಪು ಅದೇ. ಇಷ್ಟು ಹೆಜ್ಜೆಗೊಂದು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೋಗಿ.

ಕೆಳಗಿನ ಸಣ್ಣ ಸಸಿಗಳೇ ಮುಖ್ಯ. ಮೇಲೆ ಒಂದೇ ಜಾತಿ ಇದ್ದರೂ ಪರವಾಗಿಲ್ಲ, ಕೆಳಗೆ ಬೇರೆ ಬೇರೆ ಜಾತಿ ಇದ್ದರೆ ಮುಂದಿನ ಕಾಡು ಸರತಿಯಲ್ಲಿ ನಿಂತಿದೆ ಅಂತ ಅರ್ಥ. ಕೆಳಗೆ ಏನೂ ಇಲ್ಲದಿದ್ದರೆ ಯಾವುದೋ ಪ್ರಾಣಿ ಮೇಯುತ್ತಿರಬಹುದು. ಚಿಗುರಿನ ತುದಿ ನೋಡಿ, ಗೊತ್ತಾಗುತ್ತದೆ.

ಒಂಟಿಸಲಗ
ಜಾಗ ನೋಡೋಕೆ ಹೋಗ್ತಾರೋ ಜನಗಣತಿಗೆ ಹೋಗ್ತಾರೋ

ಕೊಡಲಿಕಾವು
ಎಣಿಸಲಿ ಬಿಡಿ. ಎಣಿಸಿದ ಮೇಲೆ ನನ್ನ ಮಾತು ನೆನಪಾಗುತ್ತದೆ. ಆದರೆ ಒಂದು ಪ್ರಶ್ನೆ, ತರಗೆಲೆ ಮೇಡಂ. ನೆಟ್ಟರೆ ಬೇಗ ಆಗುವುದಿಲ್ಲವೇ? ಜಪಾನಿನ ಮಿಯಾವಾಕಿ ಪದ್ಧತಿಯಲ್ಲಿ ಒತ್ತೊತ್ತಾಗಿ ನೆಟ್ಟು ಎರಡು ಮೂರು ವರ್ಷಕ್ಕೇ ಕಾಡು ಎಬ್ಬಿಸುತ್ತಾರಲ್ಲ.

ತರಗೆಲೆ
ಎಬ್ಬಿಸುತ್ತಾರೆ. ಅಲ್ಲಿ ಒಂದು ಚದರ ಮೀಟರಿಗೆ ಮೂರರಷ್ಟು ಸಸಿ ಬೇಕು. ಮೂರು ಎಕರೆ ಅಂದರೆ ಹನ್ನೆರಡು ಸಾವಿರ ಚದರ ಮೀಟರ್ ಮೇಲೆ. ಮೂವತ್ತಾರು ಸಾವಿರ ಸಸಿ! ಗುಂಡಿ, ಗೊಬ್ಬರ, ನೀರು, ಕಳೆ ತೆಗೆಯುವುದು ಬೇರೆ. ಬರೀ ಕಾಂಕ್ರೀಟ್ ನಡುವೆ ಬೀಜವೇ ಬರದ ಕಡೆ ಅದು ಸರಿ. ಇಲ್ಲಿ ನೂರು ಹೆಜ್ಜೆ ಆಚೆ ತಾಯಿಮರಗಳಿವೆ. ಬಾವಿ ಪಕ್ಕ ಕುಳಿತು ನೀರು ಕೊಂಡುಕೊಂಡ ಹಾಗಾಗುತ್ತದೆ.

ಮಳೆಹುಳು
ನೆಲದ ಮೇಲೆ ಗಿಡ ಕಾಣದಿದ್ದರೂ ಕೆಳಗೆ ಬೇರು ಬದುಕಿರುತ್ತದೆ, ಅದನ್ನೂ ಮರೆಯಬೇಡಿ. ಆಸ್ಟ್ರೇಲಿಯಾದ ಟೋನಿ ರಿನೌಡೊ ನೈಜರ್ ದೇಶದಲ್ಲಿ ವರ್ಷಗಟ್ಟಲೆ ಸಸಿ ನೆಟ್ಟು ನೆಟ್ಟು ಸೋತಿದ್ದರು. ಹೆಚ್ಚಿನವು ಸತ್ತವು. 1983ರ ಸುಮಾರಿಗೆ ಒಂದು ದಿನ ಮರಳಿನಲ್ಲಿ ಗಾಡಿ ಓಡಿಸಬೇಕಾಗಿ ಚಕ್ರದ ಗಾಳಿ ಇಳಿಸಲು ಕೆಳಗಿಳಿದರು. ದಿನಾ ನೋಡುತ್ತಿದ್ದ ಕುರುಚಲು ಪೊದೆಯೊಂದರ ಹತ್ತಿರ ಹೋದರೆ, ಅದು ಪೊದೆಯೇ ಅಲ್ಲ. ಕಡಿದ ಮರದ ಬುಡದಿಂದ ಎದ್ದ ಚಿಗುರು. ಸುತ್ತ ಹೊಲಗಳ ತುಂಬ ಅಂಥವೇ! ಆಮೇಲೆ ನೆಡುವುದು ಬಿಟ್ಟು, ಪ್ರತಿ ಬುಡದಲ್ಲಿ ಗಟ್ಟಿ ಚಿಗುರು ಕೆಲವನ್ನು ಉಳಿಸಿ ಬಾಕಿ ಸವರುವುದನ್ನು ರೈತರಿಗೆ ತೋರಿಸಿದರು. ಅದು ಹರಡಿ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರ ಬಂತು.

ನಿಮ್ಮ ಜಾಗದಲ್ಲೂ ನೋಡಿ. ಒಂದೇ ಬುಡದಿಂದ ನಾಲ್ಕೈದು ಕಾಂಡ ಎದ್ದಿದ್ದರೆ ಹೆಚ್ಚಾಗಿ ಅದು ಬೀಜದ ಗಿಡವಲ್ಲ. ಹಳೇ ಬುಡದ ಮರುಚಿಗುರು.

ನಡುಹಗಲು
ಹೋಗಿ ಬಂದೆ! ಮನೆಯವರನ್ನೂ ಎಳೆದುಕೊಂಡು ಹೋಗಿದ್ದೆ, ಹಗ್ಗದ ಇನ್ನೊಂದು ತುದಿ ಹಿಡಿಯಲು ಜನ ಬೇಕಲ್ಲ.

ಆರು ವೃತ್ತ ಮಾಡಿದೆವು. ಹಳ್ಳದ ಕಡೆಯ ಎರಡರಲ್ಲಿ ಎದೆಯೆತ್ತರ ದಾಟಿದ ಗಿಡ 22 ಮತ್ತು 19. ನಡುವಿನ ಎರಡರಲ್ಲಿ 31 ಮತ್ತು 27, ಆದರೆ ಎಲ್ಲ ಸಪೂರ, ಎತ್ತರವೂ ಕಡಿಮೆ. ಹುಲ್ಲಿನ ಕಡೆಯ ಎರಡರಲ್ಲಿ 3 ಮತ್ತು 0. ಒಟ್ಟು ಹದಿನೇಳು ಬಗೆಯ ಎಲೆ. ಹೆಸರು ಗೊತ್ತಾಗಿದ್ದು ಐದಕ್ಕೆ. ಸಣ್ಣ ಸಸಿಗಳು ಹಳ್ಳದ ಕಡೆ ತುಂಬಾ ಇವೆ, ತುದಿ ಯಾರೂ ತಿಂದಿಲ್ಲ.

ಮಳೆಹುಳು ಅವರು ಹೇಳಿದ್ದೇ ಆಯ್ತು. ನಡುವಿನ ವೃತ್ತಗಳಲ್ಲಿ ಹೆಚ್ಚಿನವು ಒಂದೇ ಬುಡದಿಂದ ಮೂರು, ನಾಲ್ಕು, ಆರು ಕಾಂಡ. ಮನೆಯವರು ಒಂದು ಬುಡದ ಹತ್ತಿರ ಕುಕ್ಕರಗಾಲಲ್ಲಿ ಕೂತು ತರಗೆಲೆ ಸರಿಸಿದರು. ನಡುವೆ ಒಂದು ಸತ್ತ ಮೋಟು, ನನ್ನ ಮಣಿಕಟ್ಟಿನಷ್ಟು ದಪ್ಪ. ಅವರು ಅದನ್ನು ಬೆರಳಿಂದ ಉಜ್ಜಿದರು. ಬೆರಳು ಕಪ್ಪಾಯ್ತು.

ಇದ್ದಿಲು.

ಬೂದಿಗುಡ್ಡೆ
ನನಗೆ ಅನುಮಾನ ಇತ್ತು! ಉಪಗ್ರಹ ಚಿತ್ರ ನೋಡಿದಿರಾ?

ನಡುಹಗಲು
ರಾತ್ರಿ ಮನೆಗೆ ಬಂದು ನೋಡಿದೆವು. ಹದಿನಾಲ್ಕು ವರ್ಷದ ಹಿಂದಿನ ಚಿತ್ರದಲ್ಲಿ ಉಳುಮೆಯ ಗೆರೆಗಳು ಕಾಣುತ್ತವೆ. ಆಮೇಲೆ ನಿಧಾನಕ್ಕೆ ಹಸಿರು. ಐದು ವರ್ಷದ ಹಿಂದಿನ ಒಂದು ಚಿತ್ರದಲ್ಲಿ ನಡುಭಾಗ ಮತ್ತು ಹುಲ್ಲಿನ ಮೂಲೆ ಪೂರಾ ಕಂದು, ಹಳ್ಳದ ಪಕ್ಕ ಮಾತ್ರ ಹಸಿರು. ಮಧ್ಯವರ್ತಿಗೆ ಫೋನ್ ಮಾಡಿದೆ. ಮೊದಲು "ಗೊತ್ತಿಲ್ಲ" ಅಂದರು. ಚಿತ್ರ ಕಳಿಸಿದ ಮೇಲೆ "ಹೌದು ಮೇಡಂ, ಪಕ್ಕದ ಹೊಲದವರು ಕೊಯ್ಲಾದ ಕೂಳೆ ಸುಡುವಾಗ ಸ್ವಲ್ಪ ತಗುಲಿತ್ತು" ಅಂದರು. ಸ್ವಲ್ಪ ಅಂದರೆ ಒಂದೂವರೆ ಎಕರೆ!

ಸರ್ವೆಕಲ್ಲು
ಹಗ್ಗಕ್ಕೆ ಖರ್ಚಾದ ದುಡ್ಡು ವಸೂಲಾಯ್ತು. ಅರ್ಧ ಜಾಗದ ಕಾಡಿಗೆ ಹದಿನಾಲ್ಕಲ್ಲ, ಐದೇ ವರ್ಷ. ದರ ಮಾತಾಡುವಾಗ ಆ ಚಿತ್ರ ಮೇಜಿನ ಮೇಲಿರಲಿ.

ಬೂದಿಗುಡ್ಡೆ
ದರಕ್ಕಿಂತ ದೊಡ್ಡ ವಿಷಯ: ಒಮ್ಮೆ ಬಂದ ಬೆಂಕಿ ಅದೇ ದಾರಿಯಲ್ಲಿ ಮತ್ತೆ ಬರುತ್ತದೆ. ನಿಮ್ಮ ಹುಲ್ಲಿನ ಮೂಲೆ ಪಕ್ಕದ ಹೊಲಕ್ಕೆ ತಾಗಿಕೊಂಡಿದೆ ಅಲ್ವಾ? ಒಣ ಹುಲ್ಲು ಅಂದರೆ ಬೆಂಕಿಗೆ ಹಾಸಿದ ಕಂಬಳಿ. ನೆರಳು ಕೂಡಿದ ಹಳ್ಳದ ಬದಿ ಉಳಿಯಿತು, ಯಾಕೆಂದರೆ ಅಲ್ಲಿ ಹುಲ್ಲೇ ಇರಲಿಲ್ಲ.

ಪ್ರತಿ ವರ್ಷ ಒಣ ಕಾಲ ಶುರುವಾಗುವ ಮುಂಚೆ ಆ ಗಡಿಯುದ್ದಕ್ಕೂ ನಾಲ್ಕೈದು ಮೀಟರ್ ಅಗಲ ಹುಲ್ಲು ಕೊಯ್ದು, ಮಣ್ಣು ಕಾಣುವ ಹಾಗೆ ಕೆರೆಸಿ. ಬೆಂಕಿರೇಖೆ ಅಂತಾರೆ. ಪಕ್ಕದ ಹೊಲದವರ ಫೋನ್ ನಂಬರ್ ಇಟ್ಟುಕೊಳ್ಳಿ. ಜಗಳಕ್ಕಲ್ಲ. ಸುಡುವ ದಿನ ಒಂದು ಮಾತು ಹೇಳಿ ಅನ್ನಿ, ನೀವೂ ಹೋಗಿ ಜೊತೆಗೆ ನಿಂತುಕೊಳ್ಳಿ. ನಾನು ಹಾಗೇ ಮಾಡುತ್ತೇನೆ. ಎಂಟು ವರ್ಷದಿಂದ ನನ್ನ ಕಡೆ ಕಿಡಿ ಬಿದ್ದಿಲ್ಲ. ಸುಮ್ನೆ ಬಿಟ್ಟರೆ ಸಾಕು ಅನ್ನುವವರಿಗೆ ಇದು ಅರ್ಥವಾಗುವುದಿಲ್ಲ.

ತರಗೆಲೆ
ನನಗೇ ಹೇಳಿದ್ದು ಅಂತ ಗೊತ್ತು :) ಒಪ್ಪಿದೆ. ಗಡಿ ಕಾಯಬೇಕು, ಒಳಗೆ ಕೈಯಾಡಿಸುವುದು ಬೇಡ ಅನ್ನುವುದಷ್ಟೇ ನನ್ನ ವಾದ.

ಕೊಡಲಿಕಾವು
ಒಳಗೂ ಕೈಯಾಡಿಸಬೇಕು. ಆರು ಕಾಂಡದ ಬುಡದಲ್ಲಿ ಎರಡು ಉಳಿಸಿ ನಾಲ್ಕು ತೆಗೆದರೆ ಉಳಿದ ಎರಡು ಜೋರಾಗಿ ಬೆಳೆಯುತ್ತವೆ. ನೈಜರ್‌ನಲ್ಲೂ ಅದನ್ನೇ ಮಾಡಿದ್ದು, ಮಳೆಹುಳು ಈಗಷ್ಟೇ ಬರೆದಿದ್ದಾರೆ. ಅದು ಓದುವಾಗ ಎಲ್ಲರೂ ಶಹಬ್ಬಾಸ್ ಅಂದಿರಿ, ನಾನು ಹೇಳಿದರೆ ಕೊಡಲಿಕಾವು!

ಮಳೆಹುಳು
ನ್ಯಾಯವಾದ ಮಾತು.

ತರಗೆಲೆ
ಸರಿ, ಸೋತೆ. ಆದರೆ ಅಲ್ಲಿ ಅವರಿಗೆ ಸೌದೆ, ಮೇವು ಬೇಕಿತ್ತು, ಅದೇ ಹೊಲದಲ್ಲಿ ಬೆಳೆಯೂ ಬೇಕಿತ್ತು. ಇವರಿಗೆ ಏನು ಬೇಕು ಅನ್ನುವುದನ್ನು ಇನ್ನೂ ಯಾರೂ ಕೇಳಿಲ್ಲ. ದಿಮ್ಮಿ ಬೇಕಾದರೆ ತೆಳು ಮಾಡಿ. ಹಕ್ಕಿ, ಚಿಟ್ಟೆ, ನೆರಳು ಬೇಕಾದರೆ ಆ ಆರು ಕಾಂಡಗಳು ತಾವೇ ಪೈಪೋಟಿ ಮಾಡಿಕೊಂಡು ಸೋತದ್ದು ಸಾಯುತ್ತದೆ. ಸತ್ತ ಕಾಂಡದಲ್ಲಿ ಹುಳ, ಹುಳಕ್ಕೆ ಮರಕುಟಿಗ.

ಗುಬ್ಬಿಗೂಡು
ಮರಕುಟಿಗ ಅಂದಾಗ ನೆನಪಾಯ್ತು, ಮೊನ್ನೆ ಒಂದು ನಮ್ಮ ಕಿಟಕಿಯ ಚೌಕಟ್ಟು ಕುಟ್ಟುತ್ತಿತ್ತು. ಒಳಗೆ ಗೆದ್ದಲು ಹಿಡಿದಿದೆ ಅಂತ ಬಡಗಿಗಿಂತ ಮೊದಲು ಅದಕ್ಕೇ ಗೊತ್ತಾಗಿದ್ದು.

ಅರೆಬಿಸಿಲು
ತಡವಾಗಿ ಬಂದೆ. ಲಂಟಾನ (ಹೊರದೇಶದಿಂದ ಬಂದು ಹಬ್ಬಿದ ಮುಳ್ಳುಪೊದೆ) ಇದೆಯಾ? ಅದನ್ನು ಯಾರೂ ಕೇಳಿಲ್ಲ. ಮುಳ್ಳುಪೊದೆ ಎಲ್ಲ ಒಳ್ಳೆಯದು ಅಂತ ತರಗೆಲೆ ಬರೆದದ್ದು ಓದಿ ಸ್ವಲ್ಪ ಗಾಬರಿಯಾಯ್ತು. ಲಂಟಾನ ಹೊಕ್ಕರೆ ಅದರ ಕೆಳಗೆ ಸಸಿಗಳಿಗೆ ಉಸಿರಿಲ್ಲ. ಮೇಲಿಂದ ಕಡಿದರೆ ಎರಡರಷ್ಟಾಗಿ ಏಳುತ್ತದೆ. ಬುಡದ ಸುತ್ತ ಸ್ವಲ್ಪ ಅಗೆದು, ಬೇರು ಶುರುವಾಗುವ ಜಾಗಕ್ಕಿಂತ ಕೆಳಗೆ ಕತ್ತರಿಸಿ ಪೊದೆಯನ್ನು ಬೋರಲು ಹಾಕಬೇಕು, ಮಣ್ಣು ತಾಗಬಾರದು. ಆಮೇಲೂ ಎರಡು ಮೂರು ವರ್ಷ ಬೀಜದ ಸಸಿ ಕೀಳುತ್ತಿರಬೇಕು, ಹಕ್ಕಿಗಳೇ ತಂದು ಹಾಕುತ್ತವೆ. ನಿಮ್ಮ ಜೇ ಹಕ್ಕಿಯ ಥರ ಎಲ್ಲ ಹಕ್ಕಿನೂ ಒಳ್ಳೆ ಬೀಜವನ್ನೇ ತರುವುದಿಲ್ಲ.

ತರಗೆಲೆ
ಒಪ್ಪುತ್ತೇನೆ, ಬಿಡಿಸಿ ಹೇಳಬೇಕಿತ್ತು. ಆದರೂ ಹೊರಗಿಂದ ಬಂದದ್ದೆಲ್ಲ ಯಾವಾಗಲೂ ಶತ್ರು ಅನ್ನಲೂ ಆಗುವುದಿಲ್ಲ. ನ್ಯೂಜಿಲೆಂಡಿನ ಹಿನೆವಾಯ್‌ನಲ್ಲಿ ಗೊರ್ಸ್ ಅನ್ನುವ ಮುಳ್ಳುಕಂಟಿ ಬೆಟ್ಟ ತುಂಬಿತ್ತು, ಯುರೋಪಿನಿಂದ ತಂದದ್ದು. ಸಸ್ಯಶಾಸ್ತ್ರಜ್ಞ ಹ್ಯೂ ವಿಲ್ಸನ್ 1987ರಿಂದ ಅದನ್ನು ಕಡಿಯದೆ ಹಾಗೇ ಬಿಟ್ಟರು. ಸುತ್ತಲಿನ ರೈತರು ಹುಚ್ಚು ಅಂದುಕೊಂಡರು. ಗೊರ್ಸ್‌ಗೆ ಬಿಸಿಲು ಬೇಕು. ಅದರ ನೆರಳಲ್ಲೇ ಅಲ್ಲಿನ ಮೂಲ ಗಿಡಗಳು ಹುಟ್ಟಿ, ಅದನ್ನೇ ಮೀರಿ ಬೆಳೆದು, ನೆರಳು ಹಾಕಿ ಕೊಂದವು. ಲಂಟಾನದ ಕತೆ ಬೇರೆ, ಅರೆನೆರಳಲ್ಲೂ ಜಗ್ಗುವುದಿಲ್ಲ. ಗಿಡ ಯಾವುದು ಅಂತ ನೋಡಿ ತೀರ್ಮಾನಿಸಬೇಕು.

ಮಳೆಹುಳು
ಕೋಸ್ಟರಿಕಾದ್ದು ಇನ್ನೂ ಮಜಾ. 1990ರ ದಶಕದಲ್ಲಿ ಕಿತ್ತಳೆ ರಸದ ಕಂಪನಿಯೊಂದು ಬಡಕಲು ಹುಲ್ಲುಗಾವಲಿನ ಮೂರು ಹೆಕ್ಟೇರಿನಲ್ಲಿ 12,000 ಟನ್ ಸಿಪ್ಪೆ ಸುರಿಯಿತು. ಪೈಪೋಟಿ ಕಂಪನಿಯವರು ಕೋರ್ಟಿಗೆ ಹೋಗಿ ನಿಲ್ಲಿಸಿದರು. ಹದಿನಾರು ವರ್ಷದ ಮೇಲೆ ಸಂಶೋಧಕರು ಹುಡುಕಿಕೊಂಡು ಹೋದರೆ ಜಾಗದ ಫಲಕವೇ ಸಿಗಲಿಲ್ಲ, ಬಳ್ಳಿ ಮುಚ್ಚಿಬಿಟ್ಟಿತ್ತು! ಹುಲ್ಲು ಸತ್ತಿತ್ತು, ಮಣ್ಣು ಹದವಾಗಿತ್ತು, ಮರ ಎದ್ದಿತ್ತು.

ಲೆಕ್ಕಾಚಾರ
ಕಿತ್ತಳೆ ಸಿಪ್ಪೆ ಎಲ್ಲಿ ಸಿಗುತ್ತದೆ?

ಒಂಟಿಸಲಗ
ಕಿತ್ತಳೆ ಹಣ್ಣಿನ ಮೇಲೆ

ನಿರ್ವಾಹಕ
ದಯವಿಟ್ಟು ವಿಷಯಕ್ಕೆ ಬನ್ನಿ. (ನಗು ಬಂತು, ಅದು ಬೇರೆ ಮಾತು.)

ಹಳೇನಕಾಶೆ
ನನ್ನದು ತಣ್ಣೀರು ಎರಚುವ ಮಾತು. ಮೂರು ಎಕರೆ ಚೌಕವಾಗಿದ್ದರೆ ಒಂದು ಬದಿ ಸುಮಾರು 110 ಮೀಟರ್. ನಟ್ಟನಡುವೆ ನಿಂತರೂ ಅಂಚು 55 ಮೀಟರ್ ದೂರ ಅಷ್ಟೇ. ಗಾಳಿ, ಬಿಸಿಲು, ಕಳೆಬೀಜ, ಪಕ್ಕದ ಹೊಲದ ಔಷಧಿ, ಎಲ್ಲ ಒಳಗೆ ಬರುತ್ತವೆ. ಇದು ಪೂರಾ ಅಂಚೇ. ಇಂಥ ತುಂಡನ್ನು ಕಾಡು ಅಂತ ನಂಬಿ ತಗೊಂಡು, ಆಮೇಲೆ ಹುಲಿ ಬರಲಿಲ್ಲ ಅಂತ ಬೇಜಾರಾಗಬೇಡಿ. ನಾನೂ ಎರಡು ಎಕರೆ ಇಟ್ಟುಕೊಂಡವನೇ. ಬೆಲೆ ಇರುವುದು ಆ ತುಂಡಿಗಿಂತ ಅದು ಯಾವುದಕ್ಕೆ ತಾಗಿಕೊಂಡಿದೆ ಅನ್ನುವುದರಲ್ಲಿ. ನಿಮ್ಮದು ಹಳ್ಳದ ಮರಸಾಲಿಗೆ ಹತ್ತಿರವಿದೆ. ಅದೇ ನಿಮ್ಮ ಭಾಗ್ಯ. ನಡುವಿನ ಆ ನೂರು ಹೆಜ್ಜೆ ಯಾರದ್ದು?

ನಡುಹಗಲು
ಅದು ಗೊತ್ತಿಲ್ಲ, ವಿಚಾರಿಸುತ್ತೇನೆ. ಲಂಟಾನ ಇದೆ, ದಾರಿಯ ಬದಿ ಒಂದು ಸಾಲು. ಒಳಗೆ ಕಾಣಲಿಲ್ಲ.

ಏನು ಬೇಕು ಅಂತ ಕೇಳಿದ್ದಕ್ಕೆ, ತರಗೆಲೆ ಅವರೇ, ಎರಡು ದಿನ ಉತ್ತರ ಹೊಳೆಯಲಿಲ್ಲ. ದಿಮ್ಮಿ ಬೇಡ. ಮನೆ ಕಟ್ಟುವುದಿಲ್ಲ. ಹದಿನೇಳು ಎಲೆಗಳಲ್ಲಿ ಹನ್ನೆರಡಕ್ಕೆ ಹೆಸರು ಗೊತ್ತಿಲ್ಲ ಅಂದೆನಲ್ಲ, ಅದು ತಲೆ ತಿನ್ನುತ್ತಿದೆ. ಸದ್ಯಕ್ಕೆ ಅಷ್ಟೇ.

ತರಗೆಲೆ
ಇದಕ್ಕಿಂತ ದೊಡ್ಡ ಕಾರಣ ಇಟ್ಟುಕೊಂಡು ಬಂದವರು ಎರಡೇ ವರ್ಷಕ್ಕೆ ಮಾರಿ ಹೋದದ್ದನ್ನು ನೋಡಿದ್ದೇನೆ.

ನಡುಹಗಲು
(ಮೂರು ವಾರದ ನಂತರ) ಅಪ್‌ಡೇಟ್. ಉಪಗ್ರಹ ಚಿತ್ರ ತೋರಿಸಿದ ಮೇಲೆ ಖಾಲಿ ಹೊಲದ ದರಕ್ಕೇ ಇಳಿದರು. ನಡುವಿನ ನೂರು ಹೆಜ್ಜೆ ಸರ್ಕಾರದ ಹಳ್ಳದ ಜಾಗವಂತೆ. ದಾರಿಯನ್ನು ಪತ್ರದಲ್ಲಿ ಬರೆಯಲು ಪಕ್ಕದ ಹೊಲದವರು ಒಪ್ಪಿದ್ದಾರೆ, ಗಾಡಿಗಲ್ಲ, ಕಾಲುದಾರಿಗೆ ಮಾತ್ರ. ವಕೀಲರು ಕಾಗದ ನೋಡುತ್ತಿದ್ದಾರೆ. ದಾರಿಯ ವಿಷಯ ಪತ್ರಕ್ಕೆ ಬರದಿದ್ದರೆ ಮುಂಗಡ ವಾಪಸ್ ಅಂತ ಬರೆಸಿಕೊಂಡೇ ಕೊಟ್ಟಿದ್ದೇವೆ. ಕೂಳೆ ಸುಟ್ಟವರೂ ಇವರೇ. ಅವರೇ ಆ ಮಾತೆತ್ತಿ, "ಆ ದಿನ ಗಾಳಿ ತಿರುಗಿಬಿಡ್ತಮ್ಮ" ಅಂದು ತಲೆ ತಗ್ಗಿಸಿದರು.

ಸರ್ವೆಕಲ್ಲು
ಕಾಲುದಾರಿ ಎಷ್ಟು ಅಡಿ ಅಗಲ? ಅದನ್ನೂ ಬರೆಸಿ. ಗಡಿಯ ಕಲ್ಲುಗಳನ್ನು ಅವರನ್ನೂ ಕರೆದು, ಎದುರಿಗೇ ಅಳತೆ ಮಾಡಿಸಿ.

ಬೂದಿಗುಡ್ಡೆ
ತಲೆ ತಗ್ಗಿಸಿದವರ ಫೋನ್ ನಂಬರ್ ತಗೊಂಡಿರಾ?

ನಡುಹಗಲು
ತಗೊಂಡೆ.

ಬೇಲಿಯಾಚೆ
ನಮಸ್ಕಾರ, ಹೊಸ ಸದಸ್ಯ. ನಾನು ನಡುಹಗಲು ಅವರ ಮನೆಯವರು. ಕಳೆ ಅಂದವನು ನಾನೇ. ಚರ್ಚೆ ಪೂರಾ ಓದಿದೆ. ಒಂದು ಸಣ್ಣ ಪ್ರಶ್ನೆ: ಇಂಥ ಕೆಲಸಕ್ಕೆ ಪೆಟ್ರೋಲಿನ ಚೈನ್ ಗರಗಸ ಒಳ್ಳೆಯದಾ, ಬ್ಯಾಟರಿಯದ್ದಾ?

ತರಗೆಲೆ
ಯಾವ ಕೆಲಸಕ್ಕೆ?!

ಮಳೆಹುಳು
ಸರ್, ಬೇಡ.

ಅರೆಬಿಸಿಲು
ಲಂಟಾನಕ್ಕೆ ಗುದ್ದಲಿ ಸಾಕು, ಗರಗಸ ಬೇಡ.

ಕೊಡಲಿಕಾವು
ನಾನೂ ಬೇಡ ಅನ್ನುತ್ತೇನೆ, ನೋಡಿ ಎಂಥ ಕಾಲ ಬಂತು. ಆರು ಕಾಂಡದಲ್ಲಿ ನಾಲ್ಕು ತೆಗೆಯಲು ಮಡಚುವ ಕೈಗರಗಸ ಧಾರಾಳ ಆಯ್ತು. ಇನ್ನೂ ತಗೊಂಡಿಲ್ಲ ತಾನೇ?

ಬೇಲಿಯಾಚೆ
ಬಿಲ್ಲು ಹರಿದು ಹಾಕಿದ್ದೇನೆ.